ಬೆಳಕಿಗೆ ಹಿಡಿದ ಚೀಟಿ

ಯಾವ ಕಾಗದ ಕೈಗೆ ಬಂದರೂ ದರ್ಜಿ ಯಜಮಾನರು ಒಡನೆ ಓದುತ್ತಿರಲಿಲ್ಲ. ಕಿಟಕಿಯ ಬಳಿ ಒಯ್ದು, ಓರೆಯಾಗಿ ಬೆಳಕಿಗೆ ಹಿಡಿದು, ನೇಯ್ಗೆಯಲ್ಲಿ ಎಳೆ ತಪ್ಪಿದೆಯೇ ಎಂದು ಹುಡುಕುವವರಂತೆ ಒಂದು ಕಣ್ಣು ಕಿರಿದಾಗಿಸಿ ನೋಡಿ, ಆಮೇಲೆ ಓದಲು ತೊಡಗುತ್ತಿದ್ದರು. ಮದುವೆಯ ಕರೆಯೋಲೆಗೂ ಇದೇ ಪರೀಕ್ಷೆ, ಮಗಳ ಅಂಕಪಟ್ಟಿಗೂ ಇದೇ. ನೋಡಿದವರು ನಗುತ್ತಿದ್ದರು. ನಾನು ಮಾತ್ರ ನಗಲಾರೆ. ಆ ಅಭ್ಯಾಸ ಅವರಿಗೆ ಅಂಟಿದ್ದು ನನ್ನಿಂದ.

ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೂತು ವೈದ್ಯರಿಗೆಲ್ಲ ಶುಭ್ರ ನಿಲುವಂಗಿಗಳನ್ನು ಹೊಲಿದುಕೊಟ್ಟ ಈ ಮನುಷ್ಯ ತಾವು ತೊಡುತ್ತಿದ್ದುದು ಉಳಿದ ತುಂಡುಗಳನ್ನು ಕೂಡಿಸಿದ ಒಂದು ಕೋಟು: ಒಂದು ತೋಳು ಬೂದು, ಇನ್ನೊಂದು ಕಂದು, ಒಳಗೆ ಏಳು ಜೇಬು. ಜೇಬುಗಳ ತುಂಬ ಅಹವಾಲುಗಳು. ಕಟುವಾದದ್ದನ್ನು ಹೇಳುವ ಮುನ್ನ "ತಪ್ಪು ತಿಳ್ಕೋಬೇಡಿ ಸ್ವಾಮಿ" ಎನ್ನುವುದು ಅವರ ವಾಡಿಕೆ. ಆ ಮಾತು ಕಿವಿಗೆ ಬಿದ್ದರೆ ಅಧೀಕ್ಷಕರೂ ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದರು.

ಅದೇ ಆಸ್ಪತ್ರೆಯ ಮುಂಬಾಗಿಲಲ್ಲಿ ರೋಗಿಗಳಿಗೆ ಚೀಟಿ ಬರೆಯುವ ಮೂವರು ಗುಮಾಸ್ತರಲ್ಲಿ ನಾನೊಬ್ಬ. ರೈಲು ಹಳಿಯ ಆಚೆಯ ಓಣಿಯವರು ಬಂದರೆ ಚೀಟಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಡುವುದು ಅಲ್ಲಿನ ಪದ್ಧತಿ. ಚುಕ್ಕಿಯ ಚೀಟಿಯವರು ಹಿಂದಿನ ತಗಡಿನ ಕೊಠಡಿಗೆ ಹೋಗಬೇಕು. ಮಿಕ್ಕವರನ್ನೆಲ್ಲ ನೋಡಿದ ಮೇಲೆ ವೈದ್ಯರಿಗೆ ಪುರುಸೊತ್ತಾದರೆ ಅವರ ಸರದಿ. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ಹಿಂದಿನ ಗುಮಾಸ್ತ ಕಣ್ಸನ್ನೆಯಲ್ಲಿ ತೋರಿಸಿದ, ನಾನು ಮಾಡಿದೆ; ಹನ್ನೊಂದು ವರ್ಷ ತುಟಿಪಿಟಕ್ಕೆನ್ನದೆ ಮಾಡಿದೆ. ಅದೇ ಓಣಿಯವರಾದ ಯಜಮಾನರ ತಾಯಿ ಆ ಕೊಠಡಿಯಲ್ಲಿ ಸರದಿ ಕಾಯುತ್ತಲೇ ತೀರಿಕೊಂಡರು. ಆಕೆಯ ಚೀಟಿ ಬರೆದದ್ದು ನಾನೇ.

ನಾಲ್ಕು ವರ್ಷ ಯಜಮಾನರು ಓಣಿಯವರನ್ನೆಲ್ಲ ಕಟ್ಟಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದ ಮೇಲೆ ವಿಚಾರಣೆ ಬಂತು. ಹಿಂದಿನ ದಿನ ಅಧೀಕ್ಷಕರು ನನ್ನ ಮೇಜಿನ ಮೇಲೆ ರಬ್ಬರು ಇಟ್ಟು, "ಹಳೇ ಚೀಟಿ ಕಟ್ಟುಗಳನ್ನೆಲ್ಲ ಒಂದ್ಸಲ ನೋಡಿಬಿಡಿ" ಎಂದರು. ನೋಡಿಬಿಟ್ಟೆ, ಸಂಜೆಯೊಳಗೆ ಒಂದು ಚುಕ್ಕಿಯೂ ಉಳಿಯಲಿಲ್ಲ. ವಿಚಾರಣಾಧಿಕಾರಿಯ ಮುಂದೆ, "ಅಂಥದ್ದೇನೂ ಇಲ್ಲ ಸಾರ್" ಎಂದೂ ಹೇಳಿದೆ.

ಯಜಮಾನರು ಎದ್ದರು. "ತಪ್ಪು ತಿಳ್ಕೋಬೇಡಿ ಸ್ವಾಮಿ, ಸ್ವಲ್ಪ ಕಿಟಕಿ ಹತ್ರ ಬನ್ನಿ." ಚೀಟಿಗಳನ್ನು ಒಂದೊಂದಾಗಿ ಬೆಳಕಿಗೆ ಓರೆಯಾಗಿ ಹಿಡಿದರು. ನನ್ನದು ಒತ್ತಿ ಬರೆಯುವ ಕೈ. ಅಳಿಸಿದ ಕಡೆಯೆಲ್ಲ ಸಣ್ಣ ತಗ್ಗು ಎದ್ದು ಕಾಣುತ್ತಿತ್ತು. "ಇದು ಯಾರ ಕೈ?" ಎಂದರು ಅಧಿಕಾರಿ. ನಾನು ನೆಲ ನೋಡಿದೆ. ಯಜಮಾನರು ನನ್ನನ್ನು ಒಮ್ಮೆ ನೋಡಿ ಹೇಳಿದರು: "ಯಾರದಾದ್ರೇನು ಸ್ವಾಮಿ? ಒಬ್ಬ ಗುಮಾಸ್ತ ಹೋದ್ರೆ ಇನ್ನೊಬ್ಬ ಬರ್ತಾನೆ. ನಮಗೆ ಹೋಗಬೇಕಾಗಿರೋದು ಚುಕ್ಕಿ."

ಚುಕ್ಕಿ ಹೋಯಿತು, ತಗಡಿನ ಕೊಠಡಿಯೂ ಹೋಯಿತು. ನನ್ನ ನೌಕರಿ ಉಳಿಯಿತು. ಆಮೇಲೆ ಹದಿನೆಂಟು ವರ್ಷ ಅದೇ ಮೊಗಸಾಲೆಯಲ್ಲಿ ನಿತ್ಯ ಎದುರಾಗುತ್ತಿದ್ದೆವು. "ಊಟ ಆಯ್ತಾ?" ಎಂದು ಅವರೇ ಮೊದಲು ಕೇಳಿ, ನನ್ನ ಮುಖ ನೋಡುತ್ತ ಕೊಂಚ ಹೊತ್ತು ನಿಲ್ಲುತ್ತಿದ್ದರು. "ಆಯ್ತು" ಎಂದು ಜಾರಿಕೊಳ್ಳುತ್ತಿದ್ದೆ.

ಈಗ ಅವರಿಲ್ಲ. ಅದೇ ಆಸ್ಪತ್ರೆಯಲ್ಲಿ ದಾದಿಯಾಗಿರುವ ಅವರ ಮಗಳು ಅಪ್ಪನ ಸ್ಮರಣ ಸಂಚಿಕೆಗೆ ಲೇಖನ ಕೇಳಲು ಬಂದಳು. "ಅಂಕಲ್, ನೀವು ಒಳಗಿಂದ ಸಹಾಯ ಮಾಡಿದ್ದಕ್ಕೇ ಅಪ್ಪ ಗೆದ್ದಿದ್ದಂತೆ, ಎಲ್ಲರೂ ಹೇಳ್ತಾರೆ." ನಾನು "ಅಷ್ಟೇನಿಲ್ಲಮ್ಮ" ಎಂದೆ. ಅದು ವಿನಯದಂತೆ ಕೇಳಿಸಿತು. ಕೇಳಿಸಲಿ ಎಂದು ಬಿಟ್ಟೆ. ಹಾಗೆ ಬಿಟ್ಟದ್ದಕ್ಕೆ, ರಬ್ಬರು ಹಿಡಿದದ್ದಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿದೆ. ಮೊದಲು ಕೊಟ್ಟ ಹೊಗಳಿಕೆಯ ಲೇಖನವನ್ನು ವಾಪಸು ಪಡೆದು ಇದನ್ನು ಕಳಿಸುತ್ತಿದ್ದೇನೆ. ಅಜ್ಜಿಯ ಚೀಟಿ ಬರೆದವನು ಯಾರೆಂದು ಅವಳಿಗೆ ತಿಳಿಯಲಿ.

ಹಕ್ಕುಗಳಿಗಾಗಿ ಹೋರಾಡಿದವರಲ್ಲಿ ಈ ಬಗೆಯವರು ನಮ್ಮಂಥವರಿಗೆ ತೀರ ಕಷ್ಟ. ಹಗೆಯನ್ನಾದರೂ ಸಾಧಿಸಿದ್ದರೆ ನಾವೂ ಮರುಹಗೆ ಸಾಧಿಸಿ ಹಗುರಾಗುತ್ತಿದ್ದೆವು. ಅವರು ಅನ್ಯಾಯವನ್ನು ಬೇರುಸಹಿತ ಕಿತ್ತು, ಮಾಡಿದವನನ್ನು ಅವನ ಪಾಡಿಗೆ ಬಿಡುತ್ತಾರೆ. ಅದನ್ನೇ ಕ್ಷಮೆಯೆಂದುಕೊಂಡು ನಾವು ನೆಮ್ಮದಿಯಾಗಿ ಇದ್ದುಬಿಡುತ್ತೇವೆ. ಒಂದು ಮಾತನ್ನು ನಾವಾಗಿಯೇ ಹೇಳಲಿ ಎಂದು ಅವರು ಅಷ್ಟು ವರ್ಷ ಕಾದಿದ್ದರೆಂಬುದು ತಿಳಿಯುವುದು, ಕೇಳಿಸಿಕೊಳ್ಳಲು ಅವರು ಇಲ್ಲವಾದ ಮೇಲೆ.