ಮೆಟ್ಟಿಲಿನ ಕಂಬಿ

ರತ್ನಮಾಲಾ ಬಸವಕಲ್ಯಾಣದ ಬಸ್ಸಿನಿಂದ ಹುಮನಾಬಾದಿನಲ್ಲಿ ಇಳಿದಾಗ ಹನ್ನೊಂದು ಗಂಟೆ. ಎರಡು ತಿಂಗಳಲ್ಲಿ ಇದು ನಾಲ್ಕನೆಯ ಸಲ. ಪ್ರತಿ ಸಲವೂ ಬೇಳೆ ಗಿರಣಿಯ ಒಂದು ದಿನದ ಕೆಲಸ ತಪ್ಪುತ್ತಿತ್ತು.

ಬಡವರಿಗೆಂದು ಒಂದು ವಸತಿ ಸಂಸ್ಥೆ ಬಸವಕಲ್ಯಾಣದಲ್ಲಿ ಕಟ್ಟಿಸಿ ಬಾಡಿಗೆಗೆ ಕೊಟ್ಟ ಮೂರು ಅಂತಸ್ತಿನ ಕಟ್ಟಡದಲ್ಲಿ ಅವಳ ಮನೆ. ಅಲ್ಲಿ ಮೆಟ್ಟಿಲಿನ ಕಂಬಿ ತುಕ್ಕು ಹಿಡಿದು ಮುರಿದುಬಿದ್ದು ವರ್ಷವಾಗಿತ್ತು. ಹೋದ ತಿಂಗಳು ನೆರೆಮನೆಯ ಸಖುಬಾಯಿ ನೀರಿನ ಕೊಡದೊಂದಿಗೆ ಅಲ್ಲಿಂದಲೇ ಬಿದ್ದು ಸೊಂಟ ಮುರಿದುಕೊಂಡಿದ್ದಳು.

ದುರಸ್ತಿಗೆ ಕೊಟ್ಟ ಅರ್ಜಿ ಏನಾಯಿತೆಂದು ಕೇಳಲು ಹೋದಾಗ, ಹುಮನಾಬಾದಿನ ಸಂಸ್ಥೆಯ ಕಚೇರಿಯಲ್ಲಿ ವ್ಯವಸ್ಥಾಪಕ ಸತೀಶಕುಮಾರ ಒಂದು ಕಾಗದ ಮುಂದಿಟ್ಟ. “ದುರಸ್ತಿ ಮುಗಿದದ ಅಂತ ಇಲ್ಲೊಂದು ಸಹಿ ಮಾಡ್ರಿ ಅಕ್ಕಾ. ಹಳೀ ಅರ್ಜಿ ಮುಚ್ಚಿದ್ರನ ಹೊಸಾದು ತಗೋಳಾಕ ಬರ್ತದ.”

“ಎಲ್ಲಿ ಮುಗಿದದ್ರಿ ಸಾಹೇಬ್ರ? ಶುರೂನ ಆಗಿಲ್ಲ.”

“ನಂದೂ ಸ್ವಲ್ಪ ಕೇಳ್ರಿ. ಐದು ಕಟ್ಟಡ ಒಬ್ಬನ ನೋಡಾಕತ್ತೀನಿ. ಅರ್ಜಿ ಹಂಗ ಉಳದ್ರ ಸಭಾದಾಗ ಎಲ್ರೂ ನನಗ ಬೈತಾರ.”

“ಆ ಸಭಾದಾಗ ನಮ್ಮ ಕಟ್ಟಡದವ್ರು ಒಬ್ರರ ಅದಾರೇನ್ರಿ?”

“ಅದು ಸಂಸ್ಥಾದ ಸದಸ್ಯರ ಸಭಾ ಅಕ್ಕಾ, ಬಾಡಿಗಿದವ್ರದಲ್ಲ.”

“ಮತ್ತ ಸಖುಬಾಯಿ ಹ್ಯಾಂಗ ಬಿದ್ಲು ಅಂತ ಅವ್ರಿಗೆ ಯಾರು ಹೇಳ್ಬೇಕ್ರಿ?”

ಸತೀಶಕುಮಾರ ತಲೆಯೆತ್ತಿದ. “ಯಾರು ಬಿದ್ರು?”

“ಎರಡು ಅರ್ಜಿದಾಗ ಬರಿಸೀನಿ.”

ಅವನು ಕಡತ ತೆಗೆದ. ಎರಡರಲ್ಲೂ ಇತ್ತು. ತಾನು ಓದಿಯೇ ಇರಲಿಲ್ಲ. ಮುಂದಿಟ್ಟ ಕಾಗದವನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. “ನಾಳೆ ನಾನ ಬರ್ತೀನಿ,” ಅಂದ. ಇಂಥ ನಾಳೆಗಳನ್ನು ಬಹಳ ಕೇಳಿದ್ದ ರತ್ನಮಾಲಾ ಬಸ್ಸಿಗೆ ನಡೆದಳು.

ಆದರೆ ಅವನು ಬಂದ. ಗೋಡೆಗೆ ಅಂಗೈ ಒತ್ತಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದ. ಸಖುಬಾಯಿಯ ಹಾಸಿಗೆಯ ಪಕ್ಕ ಬಹಳ ಹೊತ್ತು ಕುಳಿತಿದ್ದು ಇಳಿದುಹೋದ.

ಎರಡು ವಾರದ ಮೇಲೆ ಕಟ್ಟಡದ ಬಾಗಿಲಿಗೆ ಒಂದು ನೋಟಿಸು ಅಂಟಿತು: ಮುಂದಿನ ಸಭೆ ಭಾನುವಾರ, ಇದೇ ಅಂಗಳದಲ್ಲಿ, ಬಾಡಿಗೆದಾರರೆಲ್ಲ ಬರಬೇಕು.

ಭಾನುವಾರ ಸಂಸ್ಥೆಯ ಅಧ್ಯಕ್ಷ ಮಹಾರುದ್ರಪ್ಪ ತುಂಬಿದ ಅಂಗಳವನ್ನು ನೋಡಿ ಮುಖ ಗಂಟಿಕ್ಕಿದರು. “ಇವ್ರನ್ನೆಲ್ಲಾ ಯಾಕ ಕರಸ್ದಿ? ಜಗಳಾನ ಆಗ್ತದ.”

“ಆಗ್ಲಿ ಬಿಡ್ರಿ,” ಅಂದ ಸತೀಶಕುಮಾರ. “ಇಷ್ಟು ದಿನ ಇವ್ರ ಬದ್ಲಿ ನಾ ಹೇಳೀನಿ. ಎಲ್ಲಾ ಬರೋಬರ ಅದ, ಏನೂ ತಕರಾರಿಲ್ಲ ಅಂತ ಹೇಳೀನಿ.”

ಸತೀಶಕುಮಾರ ನಡಾವಳಿ ಪುಸ್ತಕದ ಹೊಸ ಹಾಳೆ ತೆರೆದು, ಸಿಮೆಂಟಿನ ನೆಲದ ಮೇಲೆ ಕುಳಿತಿದ್ದ ರತ್ನಮಾಲಾಳ ಕಡೆ ತಿರುಗಿದ. “ನೀವು ಹೇಳ್ರಿ ಅಕ್ಕಾ. ಹೇಳಿದಂಗ ಬರೀತೀನಿ.”

“ನಿಂತು ಹೇಳ್ಬೇಕೇನ್ರಿ?”

“ಬ್ಯಾಡ್ರಿ. ಕುಂತೇ ಹೇಳ್ರಿ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಕುಳಿತಲ್ಲಿಂದಲೇ ಹೇಳತೊಡಗಿದಳು.