ಓವನ್ ಉಜ್ಜುವ ಶನಿವಾರಗಳು

ಒಂಬತ್ತು ವರ್ಷಗಳಿಂದ ಶನಿವಾರವೆಂದರೆ ತಂಗಿಗೆ ಓವನ್ ಉಜ್ಜುವ ದಿನ. ಅಕ್ಕ ಕೇಕು ಮಾಡುವವಳು, ತಂಗಿ ಉಜ್ಜುವವಳು. ಉಜ್ಜುವ ಪುಡಿಯ ಉರಿಗೆ ಬೆರಳ ಸಂದಿಗಳು ಬಿರಿಯುತ್ತಿದ್ದವು. ಸಂಜೆ ಅಕ್ಕನೇ ಪಕ್ಕದಲ್ಲಿ ಕೂತು ಒಂದೊಂದೇ ಬೆರಳಿಗೆ ಮುಲಾಮು ಸವರುತ್ತಿದ್ದಳು.

ಆರು ವರ್ಷದ ಹಿಂದೆ ತಂಗಿಗೆ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿದಾಗ ಅಕ್ಕ, "ನೀನು ಹೋದ್ರೆ ಇದನ್ನ ಉಜ್ಜೋರು ಯಾರೇ? ನನ್ನ ಬೆನ್ನು ಬಗ್ಗುತ್ತಾ?" ಎಂದಿದ್ದಳು. ತಂಗಿ ಹೋಗಲಿಲ್ಲ. ಈಗ ಗ್ರಂಥಾಲಯದವರು ಮತ್ತೆ ಕರೆದಿದ್ದರು. ಸೋಮವಾರದೊಳಗೆ ಉತ್ತರ ಬೇಕಿತ್ತು.

ಆ ಶನಿವಾರ ಅಕ್ಕ ಕೇಕು ತಲುಪಿಸಲು ಹೋಗಿದ್ದಾಗ, ಸಡಿಲಾದ ಓವನ್ ಬಾಗಿಲು ಸರಿಮಾಡಲು ರಿಪೇರಿಯವನು ಬಂದ. ಓವನ್ನೊಳಗೆ ತಲೆ ತೂರಿಸಿದ್ದ ತಂಗಿಯನ್ನು ನೋಡಿ ನಕ್ಕ.

"ಆಳು ಇಟ್ಕೊಂಡು ನೀವೇ ದುಡಿದ ಹಾಗಾಯ್ತಲ್ಲಮ್ಮ! ಇದು ತನ್ನನ್ನ ತಾನೇ ಕ್ಲೀನ್ ಮಾಡ್ಕೊಳ್ಳೋ ಓವನ್ನು."

"ಅದರ ಗುಂಡಿ ಕೆಟ್ಟಿದೆ ಅಂತಾಳೆ ಅಕ್ಕ. ತಂದಾಗಿಂದ್ಲೂ."

ಅವನು ಹಿಂಬದಿ ಬಿಚ್ಚಿ ನೋಡಿದ. "ಕೆಟ್ಟಿಲ್ಲ. ಯಾರೋ ವೈರು ಬಿಚ್ಚಿ ಟೇಪು ಸುತ್ತಿದ್ದಾರೆ."

ಗುಲಾಬಿ ಬಣ್ಣದ ಟೇಪು. ಅಕ್ಕ ಕೇಕಿನ ಪೆಟ್ಟಿಗೆಗೆ ಅಂಟಿಸುವಂಥದ್ದೇ.

ಅವನು ವೈರು ಜೋಡಿಸಿ, ಬಾಗಿಲನ್ನೂ ಬಿಗಿ ಮಾಡಿದ. "ಪುಡಿ ಒರೆಸಿ, ಜಾಲರಿ ಹೊರಗಿಡಿ. ಬಾಗಿಲಿಗೆ ತಾನೇ ಬೀಗ ಬೀಳುತ್ತೆ. ಐನೂರು ಡಿಗ್ರಿವರೆಗೂ ಕಾಯುತ್ತೆ, ಜಿಡ್ಡೆಲ್ಲ ಬೂದಿ. ತಣ್ಣಗಾದ್ಮೇಲೆ ಒಂದು ಸಲ ಒರೆಸಿದ್ರೆ ಮುಗೀತು." ಹೊಗೆ ಕಟ್ಟದಿರಲೆಂದು ಹೋಗುವ ಮುಂಚೆ ಕಿಟಕಿಯನ್ನೂ ತೆರೆದಿಟ್ಟ. ತಂಗಿ ಪುಡಿ ಒರೆಸಿ, ಜಾಲರಿ ತೆಗೆದು, ಗುಂಡಿ ಒತ್ತಿದಳು.

ಅಕ್ಕ ಬರುವಷ್ಟರಲ್ಲಿ ಅಡುಗೆಮನೆಯೆಲ್ಲ ಸುಟ್ಟ ವಾಸನೆ. ಉರಿಯುತ್ತಿದ್ದ ಕೆಂಪು ದೀಪ ಕಂಡು ಅವಳು ಬಾಗಿಲಲ್ಲೇ ನಿಂತಳು.

"ವೈರು ಯಾವಾಗ ಬಿಚ್ಚಿದೆ ಅಕ್ಕಾ?"

"ತಂದ ವಾರಾನೇ." ಅಕ್ಕ ಕೈಚೀಲ ಕೆಳಗಿಟ್ಟಳು. "ಮಾಡೋಕೆ ಏನೂ ಇಲ್ದಿದ್ರೆ ನೀನು ಹೊರಟೇ ಹೋಗ್ತೀಯ ಅನ್ನಿಸ್ತು ಕಣೇ."

"ಇರು ಅಂತ ಕೇಳಿದ್ರೆ ಇರ್ತಿದ್ದೆ."

ಓವನ್ ಮೂರು ಗಂಟೆ ಕಾದು, ಮತ್ತಷ್ಟು ಹೊತ್ತು ತಣ್ಣಗಾದ ಮೇಲೆ ಬೀಗ ಟಕ್ಕೆಂದು ಬಿಚ್ಚಿಕೊಂಡಿತು. ಒಳಗೆ ಒಂದು ಹಿಡಿಯಷ್ಟೂ ಇಲ್ಲದ ಬೂದಿ. ತಂಗಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಎರಡು ನಿಮಿಷವೂ ಹಿಡಿಯಲಿಲ್ಲ. ಒಂಬತ್ತು ವರ್ಷದ ಶನಿವಾರಗಳನ್ನು ಲೆಕ್ಕ ಹಾಕಲು ಹೊರಟು, ಅರ್ಧಕ್ಕೇ ಬಿಟ್ಟಳು.

ಕೈ ತೊಳೆದು, ಗ್ರಂಥಾಲಯದವರಿಗೆ ಬರುತ್ತೇನೆಂದು ಬರೆಯಲು ಮೇಜಿನ ಬಳಿ ಕೂತಳು. ಕಾಗದಕ್ಕೆ ಜಾಗವಾಗಲೆಂದು ಅಕ್ಕ ಹಿಟ್ಟಿನ ಡಬ್ಬಗಳನ್ನು ಸದ್ದಿಲ್ಲದೆ ಸರಿಸಿದಳು. ತಂಗಿಗೆ ಅದನ್ನೂ ಸಹಿಸಲಾಗಲಿಲ್ಲ. ಕಾಗದ ಎತ್ತಿಕೊಂಡು ಹೊರಗೆ ಹೋಗಿ, ಮೆಟ್ಟಿಲ ಮೇಲೆ ಕೂತು ಬರೆದಳು.