ಸಣ್ಣ ಧಣಿಯ ಮಿಲಿಟರಿ ತರಬೇತಿ

“ಬಿಚ್ಚೋ ಬೇವರ್ಸಿ, ಆ ಬೂಟು ಬಿಚ್ಚು! ಬೂಟು ಹಾಕಿಕೊಂಡು ನಡೆಯಲಿಕ್ಕೆ ಇದೆಂತ ನಿನ್ನ ಅಪ್ಪನ ಗದ್ದೆಯಾ?”

ಮಧ್ವರಾಜ ಧಣಿಗಳು ಬದುವಿನ ಆ ತುದಿಯಿಂದ ಕೊಡೆ ಬೀಸುತ್ತ ಕೂಗಿದರು. ಈ ತುದಿಯಲ್ಲಿ ನನ್ನ ಅಣ್ಣ ಕಿಟ್ಟ ನಿಂತಿದ್ದ. ಕೆಸರಿನಲ್ಲಿ ಭತ್ತದ ನೇಜಿ ನೆಡುತ್ತಿದ್ದ ನಾನೂ ಅಪ್ಪನೂ ಬಗ್ಗಿದಲ್ಲೇ ಉಳಿದೆವು.

“ಹೌದಲ್ವಾ ಧಣಿ, ಅಪ್ಪನದ್ದೇ,” ಎಂದ ಕಿಟ್ಟ. “ಉಳುವವನಿಗೇ ಗದ್ದೆ ಅಂತ ಕಾನೂನು ಬಂದಿದೆ, ಅಪ್ಪ ಅರ್ಜಿ ಕೊಟ್ಟಾಗಿದೆ. ಬೂಟು ಬೇಕಾದರೆ ಬಿಚ್ಚುತ್ತೇನೆ. ಆದರೆ ಒಳಗೆ ಬೆರಳಿಲ್ಲ. ನೋಡಿದರೆ ನಿಮಗೆ ಊಟ ಸೇರಲಿಕ್ಕಿಲ್ಲ.”

ಧಣಿಗಳು ಕ್ಯಾಕರಿಸಿ ಉಗಿದು ತಿರುಗಿ ಹೋದರು. ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ಮಾತ್ರ ನಗಲಿಲ್ಲ. ಅಪ್ಪನ ಅಪ್ಪನ ಕಾಲದಿಂದ ನಾವು ಗೇಣಿ ಅಳೆದುಕೊಟ್ಟು ಬಂದ ಗದ್ದೆ ಅದು. ಅದು ಹೋದರೆ ನಮಗೆ ಬಾಯಿಗೆ ಮಣ್ಣೇ.

ಮಿಲಿಟರಿ ಕಿಟ್ಟನಿಗೆ ಎಂತ ಕೊಟ್ಟಿತು ಎಂದು ಊರವರು ಕೇಳುವುದುಂಟು. ಕಾಪುವಿನ ಹೋಟೆಲಿನ ಹಿಂದಿನ ಹಿತ್ತಿಲಲ್ಲಿ ಕುಳಿತು ಚಾ ಕುಡಿಯುತ್ತಿದ್ದವನು ಅಲ್ಲಿ ಪಂಜಾಬಿಗಳ ಪಕ್ಕದಲ್ಲಿ ಕುಳಿತು ಒಂದೇ ಹಂಡೆಯ ದಾಲ್ ಉಂಡ. ಹವಾಲ್ದಾರನಾದ. ಅವನು ಓಡು ಎಂದರೆ ಮೇಲ್ಜಾತಿಯ ಹುಡುಗರೂ ಓಡಬೇಕಿತ್ತು. ಅದಕ್ಕೆ ಬದಲಾಗಿ ಲಡಾಖಿನ ಹಿಮ ಅವನ ಬಲಗಾಲಿನ ಬೆರಳುಗಳನ್ನೆಲ್ಲ ತಿಂದಿತು. ಅಮ್ಮ ಸತ್ತ ತಂತಿ ಅವನ ಕೈಗೆ ಸಿಗುವಾಗ ಇಲ್ಲಿ ಅವಳ ಬೊಜ್ಜದ ಊಟವೂ ಮುಗಿದಿತ್ತು. ಕುಂಟಿಕೊಂಡು ಊರಿಗೆ ಬಂದರೆ ಹೋಟೆಲಿನವನು ಪುನಃ ಹಿತ್ತಿಲನ್ನೇ ತೋರಿಸಿದ.

ವಾರ ಕಳೆದಿರಲಿಲ್ಲ, ಧಣಿಗಳು ಮತ್ತೆ ಬಂದರು. ಈ ಸಲ ಮಾತಿನಲ್ಲಿ ಬೆಲ್ಲ ಸುರಿಯುತ್ತಿತ್ತು.

“ಕಿಟ್ಟ, ಊಟ ಆಯ್ತಾ?”

ನಮ್ಮ ಊಟದ ಸುದ್ದಿ ಅವರು ಕೇಳಿದ್ದು ಅದೇ ಮೊದಲು. ಅಪ್ಪನಿಗೆ ಬೈಗುಳ ಕೇಳಿದಾಗಿನದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

“ನಮ್ಮ ವಿಷ್ಣುಮೂರ್ತಿಯನ್ನು ಮಿಲಿಟರಿಗೆ ಸೇರಿಸಬೇಕು ಮಾರಾಯ. ದೇಶಸೇವೆ ಅಲ್ವಾ? ಮಂಗಳೂರಿನಲ್ಲಿ ಭರ್ತಿ ಉಂಟಂತೆ. ಓಡುವುದು, ಹಾರುವುದು ಎಲ್ಲ ನೀನು ಸ್ವಲ್ಪ ಕಲಿಸು. ಮುಟ್ಟದೆ ಕಲಿಸಲಿಕ್ಕೆ ಆಗ್ತದಲ್ವಾ?”

“ಆಗದೆ ಎಂತ ಧಣಿ? ಮಿಲಿಟರಿಯಲ್ಲಿ ಬಾಯಿಯಿಂದಲೇ ಕಲಿಸುವುದು.”

ವಿಷ್ಣುಮೂರ್ತಿ ಅವರ ಒಬ್ಬನೇ ಮಗ. ಎದ್ದರೆ ದೋಸೆ, ದೋಸೆ ಮುಗಿದರೆ ನಿದ್ದೆ. ಕೆಟ್ಟವನಲ್ಲ, ಕೆಟ್ಟವನಾಗುವಷ್ಟು ಚುರುಕೂ ಅವನಿಗಿರಲಿಲ್ಲ. ಕಿಟ್ಟ ಅವನನ್ನು ಗುಡ್ಡೆಗೆ ಕರೆದುಕೊಂಡು ಹೋಗಿ ಓಡಿಸಿದ.

“ಓಡೋ ಎಮ್ಮೆ! ಹಿಂದೆ ಚೀನಾದವರು ಬರ್ತಾ ಇದ್ದಾರೆ! ಅಳು ಬಂದರೆ ಅಳು, ಅಳುತ್ತಾ ಓಡು! ಮೇಲಿನವರು ಪ್ರಶ್ನೆ ಕೇಳಿದರೆ ಹಿಮ್ಮಡಿ ಜೋಡಿಸಿ, ಎದೆ ಎತ್ತಿ, ಇದ್ದದ್ದನ್ನು ಇದ್ದ ಹಾಗೆ ಕೂಗಬೇಕು. ಯೋಚನೆ ಮಾಡಿದೆಯೋ, ಪುನಃ ಗುಡ್ಡೆ ಸುತ್ತು!”

ಕಿಟ್ಟನಿಗೆ ಗಂಜಿ ಕೊಡಲು ಹೋದ ಒಂದು ಬೆಳಿಗ್ಗೆ ನೋಡುತ್ತೇನೆ, ಸಣ್ಣ ಧಣಿ ಮುರಕಲ್ಲಿನ ಮೇಲೆ ಅಂಗಾತ ಬಿದ್ದು ಏದುಸಿರು ಬಿಡುತ್ತಿದ್ದ.

“ನನಗೆ ಮಿಲಿಟರಿ ಬೇಡ ಹವಾಲ್ದಾರ್ರೇ. ಎಲ್ಲ ಆ ಉಡುಪಿ ವಕೀಲರಿಂದ ಆದದ್ದು. ಮಿಲಿಟರಿಯವನ ಗದ್ದೆಯನ್ನು ಒಕ್ಕಲಿನವರು ಕೇಳುವ ಹಾಗಿಲ್ಲ ಅಂತೆ. ನಿಮ್ಮ ಗದ್ದೆ ನನ್ನ ಹೆಸರಲ್ಲಿ ಉಂಟಲ್ಲ, ಅದಕ್ಕೇ ಅಪ್ಪಯ್ಯ…”

ಗಂಜಿಯ ಪಾತ್ರೆಯನ್ನು ಕಲ್ಲಿನ ಮೇಲೆ ಕುಕ್ಕಿದೆ. ಕಿಟ್ಟನೂ ಮಿಲಿಟರಿಯವನೇ. ಆದರೆ ಕಾನೂನು ಕಾಪಾಡಲು ಅವನ ಹೆಸರಿನಲ್ಲಿ ಒಂದು ಹಿಡಿ ಮಣ್ಣೂ ಇರಲಿಲ್ಲ. ಗಡಿಯಲ್ಲಿ ಕಾಲು ಕೊಟ್ಟವನು ಒಬ್ಬ, ಗದ್ದೆ ಉಳಿಯುವುದು ಇನ್ನೊಬ್ಬನಿಗೆ.

“ಇವನ ಕಾಲು ಮುರಿದು ಕಳಿಸು ಕಿಟ್ಟಣ್ಣ,” ಎಂದೆ, ಅವನ ಎದುರಿನಲ್ಲೇ.

“ಕಾಲು ಮುರಿದರೆ ಕೇಸಾಗ್ತದೆ ಅಪ್ಪಿ,” ಎಂದು ಕಿಟ್ಟ ನಕ್ಕ. “ನಾಳೆಯಿಂದ ತರಬೇತಿ ನಮ್ಮ ಗದ್ದೆಯಲ್ಲಿ. ಗದ್ದೆ ನುಂಗುವುದೇ ಆದರೆ ಮೊದಲು ನೆಟ್ಟುಕೊಡಲಿ.”

ಮರುದಿನ ಸಣ್ಣ ಧಣಿ ಕೆಸರಿನಲ್ಲಿ ಹೊಟ್ಟೆಯ ಮೇಲೆ ತೆವಳಿದ. ಸೆಗಣಿ ಗೊಬ್ಬರದ ಬುಟ್ಟಿ ಹೊತ್ತು ಬದುವಿನಲ್ಲಿ ಓಡಿದ. ನೇಜಿಯ ಕಟ್ಟುಗಳನ್ನು ಬಾಂಬಿನ ಹಾಗೆ ಎಸೆದ. ನೆಡುವುದನ್ನು ನಾನು ಕಲಿಸಿದೆ. “ಸಾಲು ನೆಟ್ಟಗಿರಲಿ, ಕುಂಡೆ ತಗ್ಗಿಸು!” ಎಂದು ಧಣಿಯ ಮಗನಿಗೆ ಗದರುವ ಸುಖ ಎಂಥದ್ದು ಎಂದು ನಿಮಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ. ಆಚೆ ಗದ್ದೆಯ ಹೆಂಗಸರು ನಕ್ಕು ನಕ್ಕು ಕೆಸರಿನಲ್ಲೇ ಕುಳಿತರು.

ಮೇಲಿನಿಂದ ನೋಡಿದ ಧಣಿಗಳು, “ಇದೆಂತ ಮಾರಾಯ?” ಎಂದು ಕೂಗಿದರು.

“ಕೆಸರಿನ ಯುದ್ಧ, ಧಣಿ! ಬಂಗಾಳದಲ್ಲಿ ಪೂರಾ ಹೀಗೆಯೇ ಇತ್ತು!”

ಧಣಿಗಳು ತಲೆಯಾಡಿಸಿದರು. ಅವರು ಬಂಗಾಳ ಕಂಡವರಲ್ಲ. ಕಿಟ್ಟನೂ ಕಂಡವನಲ್ಲ.

ನಮ್ಮ ಗ್ರಹಚಾರಕ್ಕೆ, ಅರ್ಜಿಯ ತನಿಖೆಗೆಂದು ರೆವೆನ್ಯೂ ಇನ್ಸ್‌ಪೆಕ್ಟರರ ಜೀಪು ಬಂದದ್ದು ಅಂಥದೇ ಒಂದು ಬೆಳಿಗ್ಗೆ. ಧಣಿಗಳು ಓಡಿ ಬಂದರು. ಕೆಸರಿನಲ್ಲಿ ಬಗ್ಗಿದ್ದ ಮಗನನ್ನು ನೋಡಿದರು, ಇನ್ಸ್‌ಪೆಕ್ಟರರನ್ನು ನೋಡಿದರು. ಅವರ ಮುಖ ಅರಳಿತು.

“ಕಣ್ಣಾರೆ ನೋಡಿ ಸ್ವಾಮಿ! ಗದ್ದೆ ಮಾಡುವುದು ನನ್ನ ಮಗನೇ. ಈ ಬೋಳಿಮಕ್ಕಳು ಕೂಲಿಗೆ ಬಂದವರು. ಒಕ್ಕಲು ಅಂತ ಸುಳ್ಳು ಅರ್ಜಿ ಕೊಟ್ಟಿದ್ದಾರೆ.”

ಕಿಟ್ಟನ ಮುಖ ಸಪ್ಪೆಯಾದದ್ದನ್ನು ನಾನು ಕಂಡದ್ದು ಅಂದೇ. ಅವನ ಕುಚೇಷ್ಟೆ ನಮ್ಮ ಕುತ್ತಿಗೆಗೇ ಬಂದಿತ್ತು. ಅಪ್ಪ ಕೈಯಲ್ಲಿದ್ದ ನೇಜಿಯನ್ನು ಕೆಳಗಿಡುವುದನ್ನೂ ಮರೆತು ನಿಂತ.

ಇನ್ಸ್‌ಪೆಕ್ಟರರು ಗಡುಸಾಗಿ ಕೂಗಿದರು: “ಏ ಹುಡುಗ! ಇಲ್ಲಿ ಎಂತ ಮಾಡ್ತಾ ಇದ್ದೀ?”

ವಿಷ್ಣುಮೂರ್ತಿ ಸೆಟೆದು ನಿಂತ. ಕೆಸರಿನೊಳಗೇ ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆದ. ಇನ್ಸ್‌ಪೆಕ್ಟರರ ಬಿಳಿ ಅಂಗಿಗೆ ಕೆಸರು ಹಾರಿತು.

“ತರಬೇತಿ, ಸಾರ್!”

“ಯಾರ ಅಪ್ಪಣೆ?”

“ಹವಾಲ್ದಾರ್ ಕಿಟ್ಟ ಅವರದ್ದು, ಸಾರ್!”

“ಹಾಗಾದರೆ ಗದ್ದೆ ಮಾಡುವುದು ಯಾರು?”

“ಅಣ್ಣು, ಸಾರ್! ನಾನು ಹುಟ್ಟುವ ಮೊದಲಿನಿಂದ, ಸಾರ್! ನನಗೆ ನೇಜಿ ಹಿಡಿಯಲಿಕ್ಕೆ ಅಪ್ಪಿ ಕಲಿಸಿದ್ದು ಮೊನ್ನೆ, ಸಾರ್!”

ಅಣ್ಣು ಎಂದರೆ ನಮ್ಮ ಅಪ್ಪ. ಧಣಿಯ ಮನೆಯವರ ಬಾಯಿಯಲ್ಲಿ ಅವನ ಹೆಸರು ಬೈಗುಳವಿಲ್ಲದೆ ಬಂದದ್ದಕ್ಕೋ ಏನೋ, ಅವನ ಕಣ್ಣಲ್ಲಿ ನೀರು ಬಂತು.

“ಹಾಳಾಗಿ ಹೋಗು ಕತ್ತೆ!” ಎಂದು ಮಗನಿಗೆ ಬೈದು ಧಣಿಗಳು ಇನ್ಸ್‌ಪೆಕ್ಟರರ ಕೈ ಹಿಡಿದುಕೊಂಡರು. “ಹುಡುಗ ಮಂಡೆ ಸರಿ ಇಲ್ಲದವ ಸ್ವಾಮಿ. ಮಳೆ ಬರುವ ಹಾಗುಂಟು. ಮೇಲೆ ಬನ್ನಿ, ಒಂದು ಕಾಫಿ ಕುಡಿದು ನಿಧಾನಕ್ಕೆ ಬರೆಯುವಿರಂತೆ.”

ಇಬ್ಬರೂ ಒಂದೇ ಕೊಡೆಯಲ್ಲಿ ಮೇಲೆ ಹತ್ತಿದರು.

“ಮುಗಿಯಿತು,” ಎಂದ ಅಪ್ಪ. “ಕಾಫಿಯೊಟ್ಟಿಗೆ ಗದ್ದೆಯನ್ನೂ ಕುಡೀತಾರೆ.”

“ಸಾಲಾಗಿ ನಿಲ್ಲಿ!” ಎಂದು ಕಿಟ್ಟ ಗುಡುಗಿದ.

ಮೊದಲು ನಿಂತವನು ವಿಷ್ಣುಮೂರ್ತಿ. ಅವನ ಹಿಂದೆ ನಾನು. ಅಪ್ಪ ಕಾಲು ಕೀಳಲಿಲ್ಲ. ಧಣಿಗಳ ಅಂಗಳವನ್ನು ನಮ್ಮ ಪೈಕಿಯವರು ಯಾರೂ ತುಳಿದದ್ದಿಲ್ಲ. ಗೇಣಿಯ ಅಕ್ಕಿಯನ್ನೂ ಗೋಡೆಯ ಹೊರಗೇ ಇಟ್ಟು ಬರುವುದು. “ಬೇಡ ಮಗಾ, ಕೊಂದಾರು,” ಎಂದ. ಕಿಟ್ಟ ಕಾದ. ಕೊನೆಗೆ ಅಪ್ಪ ಕೆಸರಿನಿಂದ ಒಂದು ಕಾಲು ಎತ್ತಿದ, ಆಮೇಲೆ ಇನ್ನೊಂದು. ತೋಡಿನಲ್ಲಿ ಕಾಲು ತೊಳೆಯಲೂ ನಿಲ್ಲದೆ ನಮ್ಮನ್ನೆಲ್ಲ ದಾಟಿ ಮುಂದೆ ನಡೆದ.

ಸೆಗಣಿ ಸಾರಿಸಿದ ಅಂಗಳವನ್ನು ತುಳಿದು, ಮೆಟ್ಟಿಲು ಹತ್ತಿ, ನಾವು ನಾಲ್ವರೂ ಜಗಲಿಗೇ ಹೋದೆವು. ಇನ್ಸ್‌ಪೆಕ್ಟರರ ಲೋಟ ಬಾಯಿಯ ಹತ್ತಿರ ನಿಂತಿತು.

“ಇಳಿಯಿರೋ ಸೂಳೆಮಕ್ಕಳೇ!” ಧಣಿಗಳ ಸ್ವರ ಒಡೆಯಿತು. “ಮನೆಯೇ ಮೈಲಿಗೆಯಾಯ್ತು!”

ಅಪ್ಪ ಇನ್ಸ್‌ಪೆಕ್ಟರರ ಚಾಪೆಯಲ್ಲಿ, ಅವರ ತೊಡೆಗೆ ತೊಡೆ ತಾಗುವ ಹಾಗೆ ಕುಳಿತ. ಚಾಪೆಯ ತುಂಬ ಕೆಸರು ಇಳಿಯಿತು.

“ಅಮ್ಮಾ, ಇನ್ನೂ ನಾಲ್ಕು ಕಾಫಿ!” ಎಂದು ವಿಷ್ಣುಮೂರ್ತಿ ಸೆಟೆದು ನಿಂತೇ ಒಳಕ್ಕೆ ಕೂಗಿದ.

“ಈಗ ಬರೆಯಿರಿ ಸ್ವಾಮಿ,” ಎಂದ ಅಪ್ಪ. “ನನಗೆ ಓದಲಿಕ್ಕೆ ಬರುವುದಿಲ್ಲ. ಬರೆದದ್ದನ್ನು ಮಗ ಓದಿ ಹೇಳ್ತಾನೆ. ಅಲ್ಲಿವರೆಗೆ ನಾನು ಇಲ್ಲಿಂದ ಏಳುವುದಿಲ್ಲ.”